ಹುಸೇನಬಿಯ ಪಾಲಿನ ಹುಲ್ಲು

ಆಗ ನನಗೆ ಇಪ್ಪತ್ತು ವರ್ಷ. ಅದಾಗಿ ಐವತ್ತು ವರ್ಷ ಕಳೆದವು. ರಾಯಚೂರಿನ ವಕೀಲರ ಬಂಗಲೆಯ ಮುಂದಿದ್ದ ಹುಲ್ಲಿನಲ್ಲಿ ಅರ್ಧವನ್ನು ಸುಟ್ಟವಳು ಹುಸೇನಬಿ ಅಲ್ಲ — ನಾನು. ಬೆಂಕಿ ಇಟ್ಟು ಸುಡಲಿಲ್ಲ. ನೀರು ಹಾಕಿ ಸುಟ್ಟೆ.

ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಗಂಡನಿಗೂ ಹೇಳಲಿಲ್ಲ, ಅವನು ತಿಳಿಯದೆಯೇ ಸತ್ತ. ನಾನು ಅಕ್ಷರ ಕಲಿತದ್ದು ತಲೆ ನೆರೆತ ಮೇಲೆ, ಮೊಮ್ಮಗಳ ಪಾಟಿಯಲ್ಲಿ. ಒತ್ತಕ್ಷರ ಬಂದರೆ ಈಗಲೂ ಕೈ ನಿಲ್ಲುತ್ತದೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ — ಅಕ್ಷರದ ತಪ್ಪನ್ನು ಮಾತ್ರ.

ನಿಜಾಮರ ರಾಜ್ಯ ಇನ್ನೂ ಇತ್ತು. ಎಲ್ಲೋ ದೊಡ್ಡ ಯುದ್ಧ ನಡೆದಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ನಮಗೆ ಗೊತ್ತಿದ್ದದ್ದು ಅಷ್ಟೇ. ವಕೀಲರು ಹೈದರಾಬಾದಿನಲ್ಲಿ ಯಾರದೋ ಬಂಗಲೆಯ ಮುಂದೆ ಹುಲ್ಲು ನೋಡಿ ಬಂದು, ತಮ್ಮ ಅಂಗಳದಲ್ಲೂ ಅಂಥದನ್ನೇ ಹಾಸಿಸಿದ್ದರು. ಲಾನು ಎನ್ನುತ್ತಿದ್ದರು. ದನಕ್ಕೆ ಹಾಕುವುದಲ್ಲ, ಕೊಯ್ದು ಮಾರುವುದಲ್ಲ, ದೇವರಿಗೆ ಏರಿಸುವುದಲ್ಲ. ಸಂಜೆ ನಾಲ್ಕು ಕುರ್ಚಿ ಹಾಕಿ ಅದರ ಮೇಲೆ ಕೂತು ಚಹಾ ಕುಡಿಯುವುದು. ನನ್ನ ತವರು ದೇವದುರ್ಗದ ಕಡೆಯ ಮಸರಕಲ್. ಅಲ್ಲಿ ಹೊಲದ ಬದುವಿನ ಕರಿಕೆ ಬೇಸಿಗೆಯಿಡೀ ನೀರು ಕಾಣದೆ ಬದುಕುತ್ತದೆ. ವಕೀಲರ ಹುಲ್ಲು ಒಂದು ಹೊತ್ತು ನೀರು ತಪ್ಪಿದರೆ ಮುಖ ಸಣ್ಣದು ಮಾಡುತ್ತಿತ್ತು. ರಾಯಚೂರಿನ ಬಿಸಿಲಿನಲ್ಲಿ ಅದಕ್ಕೆ ನೀರು ಹೊರುವುದೆಂದರೆ — ಕಾದ ಹಂಚಿಗೆ ಉಗುಳಿದ ಹಾಗೆ. ಹಾಕಿ ತಿರುಗುವಷ್ಟರಲ್ಲಿ ಆರಿರುತ್ತಿತ್ತು.

ಅದಕ್ಕೆಂದೇ ಇಬ್ಬರು ಹೆಂಗಸರನ್ನು ಇಟ್ಟಿದ್ದರು. ಒಬ್ಬಳು ನಾನು, ಇನ್ನೊಬ್ಬಳು ಹುಸೇನಬಿ. ಗೇಟಿನಿಂದ ಮೆಟ್ಟಿಲವರೆಗೆ ಕಾಲುದಾರಿ. ಅದರ ಬಲಗಡೆಯ ಹುಲ್ಲು ನನ್ನದು, ಎಡಗಡೆಯದು ಅವಳದು. ಹುಸೇನಬಿ ಮಾನ್ವಿಯವಳು. ಗಂಡ ಬಳೆ ಮಾರುತ್ತಿದ್ದ, ಜ್ವರ ಬಂದು ಸತ್ತಿದ್ದ. ಮೊಲೆ ಬಿಡದ ಕೂಸೊಂದನ್ನು ಕಟ್ಟಿಕೊಂಡು ನಾದಿನಿಯ ಮನೆಯ ಪಡಸಾಲೆಯಲ್ಲಿ ಬಿದ್ದಿದ್ದಳು. ನನಗಿಂತ ಚಿಕ್ಕವಳು. ಬಾಯಿ ಮಾತ್ರ ದೊಡ್ಡದು.

"ಅಕ್ಕಾ, ಈ ಹುಲ್ಲಿಗಿ ಹಲ್ಲಿಲ್ಲ, ಹೊಟ್ಟಿಲ್ಲ. ಖರೆ ನಮ್ಮನ್ನ ಹೆಂಗ ತಿನ್ನಾಕತ್ತದ ನೋಡ್ರಿ!" ಎನ್ನುತ್ತಿದ್ದಳು. ಕೊಡ ತಲೆಯ ಮೇಲಿದ್ದಾಗಲೇ ನಗುತ್ತಿದ್ದಳು, ನೀರು ತುಳುಕಿ ಮೈಯೆಲ್ಲ ಒದ್ದೆ. ನನಗೆ ನಗು ಬಂದರೂ ಬೈಯುತ್ತಿದ್ದೆ.

ಬಾವಿಯ ಮಾತು ಹೇಳಬೇಕು, ಇಲ್ಲದಿದ್ದರೆ ತಿಳಿಯುವುದಿಲ್ಲ. ಬಂಗಲೆಯ ಹಿತ್ತಲಲ್ಲೇ ಒಂದು ಬಾವಿ ಇತ್ತು. ಆದರೆ ಅದು ಸವುಳು. ಬಾಯಿಗಿಟ್ಟರೆ ಉಪ್ಪು. ಪಾತ್ರೆ ಬೆಳಗಲು, ಎಮ್ಮೆ ತೊಳೆಯಲು ಆಗುತ್ತಿತ್ತು. ಹುಲ್ಲಿಗೆ ಮಾತ್ರ ಸಿಹಿನೀರೇ ಆಗಬೇಕು, ಅದನ್ನು ಓಣಿ ದಾಟಿ ಬಯಲಿನ ಬಾವಿಯಿಂದ ಹೊತ್ತು ತರಬೇಕು. ನಮ್ಮ ಮನೆಗಳಲ್ಲಿ ಕುಡಿಯಲು ಸಿಹಿನೀರು ಸಿಗುತ್ತಿರಲಿಲ್ಲ — ಹುಲ್ಲಿಗೆ ಸಿಗುತ್ತಿತ್ತು. ಅದರ ಸಿಟ್ಟು ನನಗೆ ದಿನಾ ಇತ್ತು. ಆದರೆ ಸಿಟ್ಟನ್ನು ತೀರಿಸಿದ್ದು ವಕೀಲರ ಮೇಲಲ್ಲ.

ಬಿಸಿಲು ಏರುತ್ತಿದ್ದಾಗ ಒಂದು ದಿನ ವಕೀಲರ ಹೆಂಡತಿ ಮೆಟ್ಟಿಲ ಮೇಲೆ ನಿಂತು ಹೇಳಿದರು. ಅವರನ್ನು ನಾವು ಬಾಯಾರು ಎನ್ನುತ್ತಿದ್ದೆವು. "ಮಳಿ ಬಿದ್ದ ಮ್ಯಾಲ ಇಬ್ಬರು ಯಾಕ? ಯಾರ ಕಡೀ ಹುಲ್ಲು ಛಂದ ಇರ್ತದೋ ಆಕೀನ್ನ ಇಟ್ಕೋತೀನಿ. ಗೇಟಿನ ಖೋಲಿನೂ ಆಕಿಗೇ."

ಗೇಟಿನ ಪಕ್ಕದ ಆ ಖೋಲಿ — ಟಾಂಗಾದವನು ಬಿಟ್ಟು ಹೋದ ಮೇಲೆ ಖಾಲಿ ಬಿದ್ದಿತ್ತು. ಒಂದು ಬಾಗಿಲು, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಆ ಚಿಲಕಕ್ಕಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಅತ್ತೆಯ ಮನೆಯಲ್ಲಿ ಒಂದೇ ಪಡಸಾಲೆ, ಮೂರು ಸಂಸಾರ, ನಡುವೆ ಗೋಣಿತಟ್ಟಿನ ಪರದೆ. ಗಂಡ ಹತ್ತಿ ಗಿರಣಿಯಿಂದ ಬಂದು ನನ್ನ ಜೊತೆ ಎರಡು ಮಾತಾಡಿದರೆ ಪರದೆಯ ಆಚೆ ಕೆಮ್ಮುತ್ತಿದ್ದರು. ಹುಸೇನಬಿಗೂ ಆ ಖೋಲಿ ಬೇಕಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯುವುದಿಲ್ಲ.

ಮಧ್ಯಾಹ್ನ ಬಾಯಾರು ಮಲಗಿದಾಗ ಹುಸೇನಬಿ ಕದ್ದು ಮನೆಗೆ ಓಡುತ್ತಿದ್ದಳು, ಕೂಸಿಗೆ ಹಾಲು ಕುಡಿಸಲು. ಕೆಲಸ ಬಿಟ್ಟು ಹೋಗುವಂತಿರಲಿಲ್ಲ. ಅದಕ್ಕೆ ನನ್ನ ಕೈ ಹಿಡಿದು ಕೇಳಿಕೊಂಡಿದ್ದಳು.

"ಅಕ್ಕಾ, ನಾ ಬರೂ ತನಕ ನನ್ನ ಕಡಿಗಿನೂ ಒಂದೀಟು ನೀರು ಸುರೀರಿ. ನಿಮ್ಮ ಪಾದಕ್ಕ ಬೀಳ್ತೀನಿ."

"ಹೋಗ್ ಬೇ, ಹೋಗು. ನಿನ್ ಕೂಸು ಬೊಬ್ಬಿ ಹೊಡದ್ರ ಈ ಹುಲ್ಲೂ ಎದ್ದು ಕುಂದ್ರತದ."

ಒಪ್ಪಿದೆ. ಹಾಕಿದೆ ಕೂಡ. ಮೊದಮೊದಲು ಸಿಹಿನೀರೇ ಹಾಕಿದೆ — ಅದನ್ನಾದರೂ ನಂಬಿ. ಆಮೇಲೆ ಒಂದು ಮಧ್ಯಾಹ್ನ ಅಂಗಾಲು ಬೊಕ್ಕೆ ಎದ್ದಿತ್ತು, ನೆತ್ತಿ ಸಿಡಿಯುತ್ತಿತ್ತು, ಬಯಲ ಬಾವಿಯಲ್ಲಿ ನೀರು ತಳ ಮುಟ್ಟಿತ್ತು. ಹಿತ್ತಲ ಬಾವಿ ಕೈಯಳತೆಯಲ್ಲೇ ಇತ್ತು. ನನ್ನ ಕಡೆಗಾಗಿದ್ದರೆ ಸತ್ತರೂ ಸವುಳು ನೀರು ಹಾಕುತ್ತಿರಲಿಲ್ಲ. ಅವಳ ಕಡೆಗೆ ತಾನೇ — ಹಾಕಿದೆ. ನೆಲ ಒದ್ದೆಯಾಯಿತು. ಅವಳು ಬಂದು ಒದ್ದೆ ನೆಲ ನೋಡಿ, "ಯವ್ವಾ, ನೀವು ನನ್ನ ತಾಯಿ ಇದ್ದಂಗ" ಎಂದಳು.

ಅದು ದಣಿವಿಗೆ ಮಾಡಿದ್ದು. ಅಲ್ಲಿಗೇ ನಿಂತಿದ್ದರೆ ಇಂದು ನಾನು ಈ ಕಾಗದ ಹಾಳು ಮಾಡುತ್ತಿರಲಿಲ್ಲ. ಮರುದಿನವೂ ಹಾಕಿದೆ. ಅದರ ಮರುದಿನವೂ. ಅವಳ ಹುಲ್ಲಿನ ತುದಿ ಕೆಂಪಗಾಗತೊಡಗಿದ್ದನ್ನು ಅವಳಿಗಿಂತ ಮೊದಲು ನೋಡಿದವಳು ನಾನು. ನೋಡಿದೆ — ಖೋಲಿಯ ಕಡೆಗೂ ನೋಡಿದೆ — ಮತ್ತೆ ಹಿತ್ತಲ ಬಾವಿಗೇ ಹಗ್ಗ ಬಿಟ್ಟೆ. ಅಷ್ಟು ಹೊತ್ತಿಗೆ ಕಾಲು ವಾಸಿಯಾಗಿತ್ತು. ನೆತ್ತಿಯೂ ಸರಿಯಾಗಿತ್ತು.

ಪಾಪ, ಹುಸೇನಬಿ ಇನ್ನೂ ಹೆಚ್ಚು ನೀರು ಹೊತ್ತಳು. ಬೆಳಿಗ್ಗೆ ನನಗಿಂತ ಮುಂಚೆ ಬರುತ್ತಿದ್ದಳು. ನಗುವುದನ್ನು ಬಿಟ್ಟಳು. ಅವಳು ಬೆಳಿಗ್ಗೆ ಹಾಕಿದ್ದನ್ನು ನಾನು ಮಧ್ಯಾಹ್ನ ಹಾಳು ಮಾಡುತ್ತಿದ್ದೆ.

ಕೊನೆಗೆ ಒಂದು ಸಂಜೆ ಬಾಯಾರು ಇಬ್ಬರನ್ನೂ ಕರೆದರು. ಬಲಗಡೆ ಹಸಿರು, ಎಡಗಡೆ ಒಣಗಿದ ಹುಲ್ಲಿನ ಬುಡದಲ್ಲಿ ಬಿಳಿ ಹಕ್ಕಳೆ.

"ಏನಿದು, ಸುಣ್ಣಾ ಬಳದಂಗ ಆಗ್ಯದ?"

ಹುಸೇನಬಿ ಕೂತಳು. ಆ ಬಿಳಿ ಮಣ್ಣನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಬಾಯಾರನ್ನಲ್ಲ, ನನ್ನನ್ನು.

"ಹಿತ್ತಲ ಬಾವಿ ನೀರು ಸುರದೀಯಿಲ್ಲೋ, ಮೈಗಳ್ಳಿ?" ಎಂದರು ಬಾಯಾರು.

"ನಾ ಅಲ್ರೀ ಬಾಯಾರ. ಅಲ್ಲಾನ ಆಣಿ, ನಾ ಅಲ್ರಿ."

"ಮತ್ಯಾರು? ನಿನ್ನ ಕಡೀ ಹುಲ್ಲಿಗಿ ಮತ್ಯಾರು ನೀರ್ ಹಾಕ್ತಾರ?"

ಅವಳು ಹೇಳಬಹುದಿತ್ತು. ಹೇಳಿದರೆ ದಿನಾ ಕೆಲಸ ಬಿಟ್ಟು ಓಡುತ್ತಿದ್ದುದೂ ಹೊರಗೆ ಬರುತ್ತಿತ್ತು. ಅದಕ್ಕೇ ಅವಳ ಬಾಯಿ ಕಟ್ಟಿತು. ಕಟ್ಟುತ್ತದೆಂದು ನನಗೆ ಮೊದಲೇ ತಿಳಿದಿತ್ತು.

ಬಾಯಾರು ನನ್ನ ಕಡೆ ತಿರುಗಿದರು. "ತಿಮ್ಮವ್ವಾ, ನೀ ಹೇಳು. ಯಾವ ನೀರು ಹಾಕತಾಳ ಇಕಿ?"

ನಾನು ಹೇಳಿದ ಮಾತು ಇದು — ಒಂದಕ್ಷರ ಬದಲಿಸದೆ ಬರೆಯುತ್ತೇನೆ. "ನನ್ನ ಕಡೀದು ಸಿಹಿನೀರು ನೋಡ್ರಿ. ಆಕೀದು ಆಕೀನ್ನೇ ಕೇಳ್ರಿ."

ಇದರಲ್ಲಿ ಸುಳ್ಳು ಎಲ್ಲಿದೆ, ಹುಡುಕಿ. ಸಿಗುವುದಿಲ್ಲ. ಅದನ್ನೇ ಐವತ್ತು ವರ್ಷ ನನಗೆ ನಾನು ಹೇಳಿಕೊಂಡೆ.

ಹುಸೇನಬಿ ಮಣ್ಣು ಹತ್ತಿದ ಬೆರಳನ್ನು ನನ್ನ ಮುಂದೆ ಹಿಡಿದಳು. "ನೀವೂ ನೋಡ್ರಿ ಅಕ್ಕಾ, ರುಚಿ." ನಾನು ಮುಖ ತಿರುಗಿಸಿದೆ. ಅವಳು ಅಳಲಿಲ್ಲ. ಸೆರಗಿಗೆ ಬೆರಳು ಒರೆಸಿಕೊಂಡು ಗೇಟು ದಾಟಿ ಹೋದಳು.

ಆಮೇಲೆ ಮಾನ್ವಿಗೆ ಹೋದಳೆಂದು ಕೇಳಿದೆ. ಕೂಸು ಏನಾಯಿತೋ ಕೇಳಲಿಲ್ಲ. ಕೇಳಿದರೆ ಯಾರಾದರೂ ಹೇಳಿಬಿಡುತ್ತಾರೆಂಬ ಹೆದರಿಕೆ. ಮಾನ್ವಿ ಏನು ಕಡಲಾಚೆಯ ಊರಲ್ಲ. ಬಸ್ಸು ಹತ್ತಿ ಮಾನ್ವಿ ದಾಟಿ ಮಲ್ಲಟಕ್ಕೆ ಮಗಳ ಮನೆಗೆ ಎಷ್ಟೋ ಸಲ ಹೋಗಿದ್ದೇನೆ. ಮಾನ್ವಿಯಲ್ಲಿ ಬಸ್ಸು ನಿಂತಾಗ ಕೆಳಗೆ ಇಳಿಯಲಿಲ್ಲ. ನನ್ನ ಮಕ್ಕಳೆಲ್ಲ ಹುಟ್ಟಿದ್ದು ಗೇಟಿನ ಖೋಲಿಯಲ್ಲೇ. ಬಂದವರ ಮುಂದೆ ಬಾಯಾರು, "ನಮ್ಮ ತಿಮ್ಮವ್ವ ಭಾಳ ನಿಯತ್ತಿನಾಕಿ" ಎಂದು ಹೊಗಳುತ್ತಿದ್ದರು. ಚಿಲಕ ಚೆನ್ನಾಗಿಯೇ ಇತ್ತು. ಹಾಕಿಕೊಂಡರೆ ಹೊರಗಿನವರು ಯಾರೂ ಒಳಗೆ ಬರುತ್ತಿರಲಿಲ್ಲ. ಒಳಗಿದ್ದದ್ದೂ ಹೊರಗೆ ಹೋಗಲಿಲ್ಲ.

ಅವಳು ಹೋದ ಮರುದಿನ ಬೆಳಿಗ್ಗೆ ಇಡೀ ಲಾನು ನನ್ನ ಪಾಲಿಗೆ ಬಂತು. ಮಣ್ಣಿಗಿಳಿದ ಉಪ್ಪು ಹೋಗಬೇಕೆಂದರೆ ಎಡಗಡೆಗೆ ಬಲಗಡೆಗಿಂತ ಹೆಚ್ಚು ಸಿಹಿನೀರು ಸುರಿಯಬೇಕು ಎಂದರು ವಕೀಲರು. ಕೊಡ ಎತ್ತಿಕೊಂಡೆ. ಹುಸೇನಬಿಯ ಸಿಂಬೆ ಕಟ್ಟೆಯ ಮೇಲೆ ಹಾಗೇ ಉಳಿದಿತ್ತು — ಹಳೆಯ ಹಸಿರು ಸೀರೆಯನ್ನು ಬಿಗಿಯಾಗಿ ಸುತ್ತಿ ಮಾಡಿದ್ದು. ನನ್ನ ಸಿಂಬೆ ಸವೆದು ಹೋಗಿತ್ತು, ಕೊಡ ನೆತ್ತಿಗೆ ಒತ್ತುತ್ತಿತ್ತು. ನನ್ನದನ್ನು ಬೇಲಿಯ ಆಚೆ ಎಸೆದೆ. ಅವಳದನ್ನು ತಲೆಯ ಮೇಲಿಟ್ಟುಕೊಂಡು ಬಯಲ ಬಾವಿಗೆ ನಡೆದೆ.