ಕಾಗೆ ಬಾರದ ಅಂಗಳ

ಕಳೆದ ಭಾನುವಾರ ಕಷಾಯದ ಪುಡಿಗೆಂದು ಕೊತ್ತಂಬರಿ, ಜೀರಿಗೆ ಹುರಿಯುತ್ತಿದ್ದೆ. ಬಾಣಲೆಯಿಂದ ಎದ್ದ ಘಮಕ್ಕೆ ಮೈಸೂರಿನ ನನ್ನ ಅಡುಗೆಮನೆ ಹಳೆಯ ಕಾರೊಂದರ ಮುಂದಿನ ಸೀಟಾಯಿತು. ಆ ಕಾರಿನಲ್ಲಿ ಯಾವಾಗಲೂ ಒಂದು ಫ್ಲಾಸ್ಕ್ ಕಷಾಯ ಇರುತ್ತಿತ್ತು. ಮುಚ್ಚಳ ಸಡಿಲ, ಪ್ರತಿ ತಿರುವಿನಲ್ಲೂ ನನ್ನ ಮಡಿಲಿಗೆ ಒಂದಿಷ್ಟು ಚೆಲ್ಲುತ್ತಿತ್ತು. ಓಡಿಸುತ್ತಿದ್ದವರು ಮಾಮಿ.

ಮಾಮಿ ನಮಗೆ ಸಂಬಂಧಿಕರಲ್ಲ. ಇನ್ನಂಜೆಯಲ್ಲಿ ನನ್ನ ಚಿಕ್ಕಮ್ಮನ ಪಕ್ಕದ ಮನೆಯವರು. ಎಂ.ಎ. ಓದುತ್ತಿದ್ದಾಗ ಕ್ರಿಸ್‌ಮಸ್ ರಜೆಗೆಂದು ನಾನು ಅಲ್ಲಿಗೆ ಹೋದೆ. ಅವರ ಗಂಡ, ಮಾಮ, ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ಗಂಡ ಹೆಂಡತಿ ಇಬ್ಬರಿಗೂ ಹಕ್ಕಿ ನೋಡುವ ಹುಚ್ಚು. ಮಾಮ ಹೋದ ಮೇಲೆ ದುರ್ಬೀನು ಕಪಾಟು ಸೇರಿತ್ತು. ನಾನು ಹೋದದ್ದೇ ನೆಪವಾಗಿ ಅದು ಹೊರಗೆ ಬಂತು... ಹಾಗೆಂದು ನಾನು ನಂಬಿದ್ದೇನೆ. ನಾನು ಹೋಗದಿದ್ದರೂ ಬರುತ್ತಿತ್ತೋ ಏನೋ. ನೆನಪು ನಮ್ಮನ್ನು ನಾವು ಇದ್ದುದಕ್ಕಿಂತ ಮುಖ್ಯರನ್ನಾಗಿ ಮಾಡಿಬಿಡುತ್ತದೆ.

ಬೆಳಗಾಗುತ್ತಲೇ ಹೊರಡುತ್ತಿದ್ದೆವು. ಕಾರ್ಕಳದ ಆನೆಕೆರೆಯಲ್ಲಿ ತಾವರೆ ಎಲೆಗಳ ಮೇಲೆ ನಡೆದಾಡುವ ದೇವನಕ್ಕಿಯನ್ನು ತೋರಿಸಿದರು. ಮಣಿಪಾಲದ ಗುಡ್ಡದ ಅಂಚಿನಲ್ಲಿ ನಿಂತಾಗ ಕೆಳಗೆ ಸ್ವರ್ಣಾ ನದಿ, ನದಿಗೂ ನಮಗೂ ನಡುವೆ ಒಂದು ಗರುಡ ತೇಲುತ್ತಿತ್ತು. "ಗರುಡನಿಗೆ ಕೈಮುಗಿಯುವವರೆಲ್ಲ ನೋಡಿದ್ದು ಅದರ ಹೊಟ್ಟೆ ಮಾರಾಯ್ತಿ. ನೀನು ಬೆನ್ನು ನೋಡಿದೆ, ಪುಣ್ಯವಂತೆ!" ಎಂದು ನಕ್ಕರು. ಬಿಸಿಲು ಬಿದ್ದ ಆ ಕೆಂಪು ಬೆನ್ನು ನನಗೆ ಈಗಲೂ ಕಾಣುತ್ತದೆ.

ಆದರೆ ಎಲ್ಲಿಗೆ ಹೋದರೂ ಮಾಮಿಯ ಕಣ್ಣು ಕೊನೆಗೆ ಕಾಗೆಗಳ ಮೇಲೆ ನಿಲ್ಲುತ್ತಿತ್ತು. ರಜೆಯ ಕೊನೆಯಲ್ಲಿ ಮಾಮನ ವರ್ಷದ ತಿಥಿ. ಎಡೆಯನ್ನು ಕಾಗೆ ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಬಾಕಿ ಇದೆ ಎಂದರ್ಥ. ಮಾಮನೋ, ಕಾಗೆಗಳ ಬದ್ಧವೈರಿ. ಚಾವಡಿಯ ಮಾಡಿನಡಿ ಸೂರಕ್ಕಿ ಗೂಡು ಕಟ್ಟುತ್ತಿತ್ತು, ಕಾಗೆ ಬಂದು ಮೊಟ್ಟೆ ಕದಿಯುತ್ತಿತ್ತು. ಅದಕ್ಕೆ ಮಾಮ ಡಬ್ಬ ಬಡಿದು ಬಡಿದು ಓಡಿಸಿದ್ದರು. ಅವರು ಹೋಗಿ ವರ್ಷವಾಗುತ್ತ ಬಂದರೂ ಕಾಗೆಗಳು ಆ ಅಂಗಳವನ್ನು ಬಳಸಿಕೊಂಡೇ ಹಾರುತ್ತಿದ್ದವು.

"ಜೀವಮಾನ ಇಡೀ ಓಡಿಸಿದ್ದು. ಈಗ ಇವರ ಎಡೆಗೆ ಯಾವ ಕಾಗೆ ಬರ್ತದೆ ಹೇಳು?" ಎಂದು ಮಾಮಿ ನಗುತ್ತಲೇ ಕೇಳುತ್ತಿದ್ದರು. ನಗುವಿನ ಕೆಳಗೆ ಹೆದರಿಕೆ ಇತ್ತು. ಮಾಮನ ಅಣ್ಣ, ಮಾಮಿಯ ಭಾವ, ಆಗಲೇ ಚಿಕ್ಕಮ್ಮನ ಹತ್ತಿರ ಅಂದಿದ್ದರು: "ಗಂಡ ಹೋಗಿ ವರ್ಷ ಆಗಲಿಲ್ಲ, ಇವಳದ್ದು ಎಂತ ಸುತ್ತಾಟ?" ಕಾಗೆ ಬಾರದಿದ್ದರೆ ಆ ಮಾತಿಗೆ ಸಾಕ್ಷಿ ಸಿಕ್ಕಂತೆ.

ಕಾಪುವಿನಲ್ಲಿ ದೀಪಸ್ತಂಭದ ಮೇಲೆ ಕಡಲಹದ್ದು ಸುತ್ತುತ್ತಿತ್ತು. ಮಾಮಿ ಅದನ್ನು ಬಿಟ್ಟು ಮೀನಿನ ಬುಟ್ಟಿಗಳಿಗೆ ಮುತ್ತಿದ್ದ ಕಾಗೆಗಳ ಮುಂದೆ ಹೋಗಿ ನಿಂತರು. "ಇಷ್ಟು ಮಂದಿ ಇದ್ದೀರಿ, ಒಬ್ಬರಾದರೂ ಇನ್ನಂಜೆಗೆ ಬನ್ನಿ. ಮೀನಿಲ್ಲ, ಉದ್ದಿನ ವಡೆ ಉಂಟು." ಮೀನು ಮಾರುವ ಹೆಂಗಸರು ನಕ್ಕ ನಗೆಗೆ ಕಾಗೆಗಳೇ ಹಾರಿಹೋದವು.

ತಿಥಿಯ ದಿನ ಬಾವಿಯ ಆಚೆಗಿನ ಕಲ್ಲಿನ ಮೇಲೆ ಎಡೆ ಇಟ್ಟರು. ಕಾಗೆಗಳು ಚಿಕ್ಕಮ್ಮನ ತೆಂಗಿನಮರದಲ್ಲಿ ಕೂತು ನೋಡಿದವು, ಇಳಿಯಲಿಲ್ಲ. ಅಡುಗೆ ಆರುತ್ತಿತ್ತು. ಭಟ್ಟರು, "ಏನಾದರೂ ಆಸೆ ಬಾಕಿ ಉಂಟಾ ನೋಡಿ. ಮಾತು ಕೊಡಿ, ಬರ್ತದೆ" ಎಂದರು. ಭಾವ ಮುಂದೆ ಬಂದು, "ಮನೆಗೆ ಬಣ್ಣ ಹೊಡೆಸ್ತೇವೆ ಮಾರಾಯ, ಬಾ" ಎಂದರು. ಕಾಗೆ ಕುತ್ತಿಗೆ ತಿರುಗಿಸಿತು. ಚಿಕ್ಕಮ್ಮ, "ನಿಮ್ಮ ಕಾರು ಮಾರುವುದಿಲ್ಲ" ಎಂದರು. ಊಹೂಂ. ಆಗ ಭಾವ ಮಾಮಿಯತ್ತ ತಿರುಗಿದರು. "ಇನ್ನು ಮನೆಯಲ್ಲೇ ಇರ್ತೇನೆ, ತಿರುಗಲು ಹೋಗುವುದಿಲ್ಲ ಅಂತ ನೀನೇ ಹೇಳಿಬಿಡು. ನೋಡುವ."

ಮಾಮಿ ತೆಂಗಿನಮರದತ್ತ ತಿರುಗಿದರು. ಆಮೇಲೆ ಕೈಮುಗಿದು, ಬಚ್ಚಲಲ್ಲಿರುವ ಗಂಡನನ್ನು ಕೂಗುವಷ್ಟು ಗಟ್ಟಿಯಾಗಿ ಹೇಳಿದರು: "ಓ, ಕೇಳ್ತದಾ? ನಾನು ಹಕ್ಕಿ ನೋಡುವುದು ಬಿಡುವುದಿಲ್ಲ. ಕಾರನ್ನೂ ನಾನೇ ಬಿಡುವುದು. ನಿಮಗೆ ಬೇಕಾದರೆ ಬನ್ನಿ."

ಹಲಸಿನ ಮರದಿಂದ ಒಂದು ಹಕ್ಕಿ ಇಳಿಯಿತು. ತಾಮ್ರದ ಬಣ್ಣದ ಮೈ, ಕಪ್ಪು ತಲೆ, ಉದ್ದ ಬಾಲ. ಎಡೆಯ ಸುತ್ತ ಒಮ್ಮೆ ಕುಪ್ಪಳಿಸಿ, ವಡೆ ಕಚ್ಚಿಕೊಂಡು ಹಾರಿತು.

"ಇದು ಕಾಗೆ ಅಲ್ಲವಲ್ಲ!" ಎಂದರು ಭಾವ.

"ಮಟಪಕ್ಷಿ, ಭಾವ. ಕಾಗೆಯ ದಾಯಾದಿ. ಎರಡೂ ಒಂದೇ ಕುಟುಂಬ, ಪುಸ್ತಕದಲ್ಲೇ ಉಂಟು."

ಭಟ್ಟರಿಗೆ ಹಸಿವಾಗಿತ್ತು. "ದಾಯಾದಿಗೆ ಅಧಿಕಾರ ಉಂಟು. ಎಲೆ ಹಾಕಿ" ಎಂದುಬಿಟ್ಟರು. ಮಾಮಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಅಳುತ್ತಿದ್ದಾರೆಂದು ಹಿಂದೆ ಹೋದೆ. ಅಕ್ಕಿ ಡಬ್ಬದ ಮೇಲೆ ಕೂತು, ಸದ್ದು ಬಾರದಂತೆ, ಮೈ ಕುಲುಕಿಸಿ ನಗುತ್ತಿದ್ದರು.

ನನ್ನ ನೆನಪಿನಲ್ಲಿ ಮಾಮಿಯ ಮಾತು ಮುಗಿದ ಕೂಡಲೇ ಹಕ್ಕಿ ಇಳಿಯುತ್ತದೆ. ನಡುವೆ ಅರ್ಧ ಗಂಟೆಯಾದರೂ ಹೋಗಿತ್ತು ಎನ್ನುತ್ತಾರೆ ಚಿಕ್ಕಮ್ಮ. ಅವರು ಹೇಳುವುದೇ ಸರಿಯಿರಬೇಕು. ಕರೆದ ಕೂಡಲೇ ಬರುವ ಹಕ್ಕಿಯನ್ನು ನಾನು ಬೇರೆಲ್ಲೂ ಕಂಡಿಲ್ಲ... ಮರುದಿನ ಬೆಳಿಗ್ಗೆ ಮಾಮಿ, ನಾನು ಹಕ್ಕಿ ನೋಡಲು ಹೆಜಮಾಡಿಗೆ ಹೊರಟಾಗ ಭಾವ ಜಗಲಿಯಲ್ಲೇ ಕೂತಿದ್ದರು. ಏನೂ ಹೇಳಲಿಲ್ಲ. ಇದು ಮಾತ್ರ ನನಗೆ ಖಚಿತವಾಗಿ ನೆನಪಿದೆ.

ಆಮೇಲೆ ಎಷ್ಟೋ ಚಳಿಗಾಲ ಮಾಮಿ ಕಾರು ಓಡಿಸಿದರು. ಈ ಮಳೆಗಾಲದಲ್ಲಿ ಹೋಗಿಬಿಟ್ಟರು. ಕರ್ಮದ ದಿನ ನಾನೂ ಇನ್ನಂಜೆಗೆ ಹೋಗಿದ್ದೆ. ಎಡೆ ಇಟ್ಟು ಕೈ ತೆಗೆಯುವ ಮೊದಲೇ ಕಾಗೆ ಬಂತು. "ನೋಡಿ, ಅವರಿಗೆ ಯಾವ ಆಸೆಯೂ ಬಾಕಿ ಇರಲಿಲ್ಲ" ಎಂದರು ಯಾರೋ. ಎಲ್ಲರೂ ಸಮಾಧಾನದಿಂದ ತಲೆಯಾಡಿಸಿದರು, ನಾನೂ ಆಡಿಸಿದೆ. ಆದರೆ ಒಪ್ಪಲಿಲ್ಲ. ಹೋಗುವ ಕೆಲವು ದಿನಗಳ ಮೊದಲಷ್ಟೇ ಮಾಮಿ ಫೋನಿನಲ್ಲಿ, "ಡಿಸೆಂಬರಿಗೆ ಬಾ ಮಗಾ. ಕಾರಿಗೆ ಹೊಸ ಟಯರ್ ಹಾಕಿಸಿದ್ದೇನೆ" ಎಂದಿದ್ದರು.

ಈಗ ಡಿಸೆಂಬರ್. ಕಾರು ಶೆಡ್ಡಿನಲ್ಲೇ ಇದೆಯಂತೆ. ಟಯರುಗಳ ಮೇಲಿನ ಎಳೆ ಎಳೆ ರಬ್ಬರ್ ಕೂದಲು ಕೂಡ ಇನ್ನೂ ಸವೆದಿಲ್ಲವಂತೆ.