ಎದುರು ಪಕ್ಷದ ವರ

ಹುಡುಗ ನನ್ನನ್ನು ನೋಡಲು ಬರಲಿಲ್ಲ. ನಾವೇ ಅಹಮದಾಬಾದಿನಿಂದ ವಡೋದರಾಕ್ಕೆ ಹೋದೆವು. ಅಲ್ಲಿಯ ಫತೇಗಂಜಿನಲ್ಲಿ ಅವನ ಮನೆಯವರದೊಂದು ಉಡುಪಿ ಹೋಟೆಲ್. ಭಾನುವಾರದ ವ್ಯಾಪಾರ ಬಿಟ್ಟು ಬರುವುದು ಕಷ್ಟ ಎಂದು ಅವನ ತಾಯಿ ಫೋನಿನಲ್ಲಿ ಹೇಳಿದ್ದರು. ಬ್ಯಾಂಕಿನ ವರ್ಗಾವಣೆಯಲ್ಲಿ ಗುಜರಾತಿಗೆ ಬಂದು ಇಲ್ಲೇ ನಿವೃತ್ತರಾದ ನನ್ನಪ್ಪನಿಗೆ ಅದರಿಂದ ಖುಷಿಯೇ ಆಯಿತು, ಗೋಳಿಬಜೆ ಸಿಗುತ್ತದಲ್ಲ.

ಊಟದ ಹೊತ್ತಿನ ವಿದ್ಯಾರ್ಥಿಗಳ ಗದ್ದಲ ಇಳಿದ ಮೇಲೆ ನಮ್ಮಿಬ್ಬರನ್ನು ಮೂಲೆಯ ಮೇಜಿನಲ್ಲಿ ಕೂರಿಸಿ ದೊಡ್ಡವರು ದೂರ ಸರಿದರು. ಅವನು ವಡೋದರಾದಲ್ಲೇ ಹುಟ್ಟಿ ಬೆಳೆದವನು, ಕನ್ನಡವನ್ನು ಹುಡುಕಿ ಹುಡುಕಿ ಆಡುತ್ತಿದ್ದ.

"ನೀವೂ ಚಿಪ್ ಡಿಸೈನ್ ಅಂತ ಅಮ್ಮ ಹೇಳಿದ್ರು. ಯಾವ ಕಂಪನಿ?"

ಹೇಳಿದೆ. ಅವನ ಬಾಯಿಗೆ ಹೋಗುತ್ತಿದ್ದ ಕಾಫಿ ಲೋಟ ಅರ್ಧದಲ್ಲೇ ನಿಂತಿತು.

"ಅಹಮದಾಬಾದಿನ ನವರಂಗಪುರದ್ದಾ? ಅರೇ, ನಿಮಗೆ ನೋಟಿಸ್ ಕಳಿಸಿದ್ದು ನಾವೇ!"

ಜಗಳ ಏನೆಂದು ಹೇಳಿಬಿಡುತ್ತೇನೆ. ಸೂರತ್ತಿನ ಒಂದು ಸಣ್ಣ ಕಂಪನಿ ಕರೆಂಟ್ ಅಳೆಯುವ ಸರ್ಕ್ಯೂಟೊಂದನ್ನು ರೂಪಿಸಿತ್ತು. ಅದನ್ನು ಮನೆಯ ಮೀಟರುಗಳ ಚಿಪ್‌ನಲ್ಲಿ ಬಳಸಲು ನಮ್ಮ ಕಂಪನಿ ಲೈಸೆನ್ಸ್ ಪಡೆದಿತ್ತು. ಆಮೇಲೆ ಆ ಸಣ್ಣ ಕಂಪನಿಯನ್ನು ಇವನ ಕಂಪನಿ ಕೊಂಡುಕೊಂಡಿತು. ಎಲೆಕ್ಟ್ರಿಕ್ ವಾಹನಗಳ ಚಾರ್ಜರಿಗೆಂದು ಮಾಡಿದ ಹೊಸ ಚಿಪ್‌ನಲ್ಲಿ ನಾವು ಅದೇ ಸರ್ಕ್ಯೂಟ್ ಹಾಕಿದ ಕೂಡಲೇ ನೋಟಿಸ್ ಬಂತು. ಲೈಸೆನ್ಸ್ ಇರುವುದು ಮೀಟರಿಗೆ, ಚಾರ್ಜರಿಗಲ್ಲ ಎಂದು. ಅದರ ತಾಂತ್ರಿಕ ಭಾಗ ಬರೆದವನು ನನ್ನೆದುರೇ ಕೂತಿದ್ದ. ಉತ್ತರ ಬರೆದವಳು ನಾನು.

"ಚಾರ್ಜರ್ ಒಳಗೆ ಕರೆಂಟ್ ಅಳೆಯೋದೂ ಮೀಟರೇ ತಾನೆ?" ಎಂದೆ.

"ಹಾಗಾದ್ರೆ ನಾಳೆ ಫ್ರಿಜ್ಜಲ್ಲಿ ಹಾಕಿ ಅದೂ ಮೀಟರ್ ಅಂತೀರಾ?"

"ಅಳೆದ್ರೆ ಮೀಟರೇ."

"ಉತ್ತರದಲ್ಲೂ ಇದೇ ಹಟ ಇತ್ತು!"

ಇಬ್ಬರ ದನಿಯೂ ಏರಿತು. ಗಲ್ಲಾದಿಂದ ಅವನ ತಾಯಿ ಓಡಿ ಬಂದರು. "ಎಂತ ಮಾರಾಯ, ಹೆಣ್ಣು ನೋಡ್ಲಿಕ್ಕೆ ಕೂತವ ಜಗಳ ಮಾಡುದಾ?"

"ಜಗಳ ಅಲ್ಲ ಅಮ್ಮ, ಲೈಸೆನ್ಸ್ ವಿಷಯ."

"ಯಾವ ಲೈಸೆನ್ಸ್? ನಿನ್ನ ಬೈಕಿದ್ದಾ?"

ನಾವಿಬ್ಬರೂ ಒಟ್ಟಿಗೇ ನಕ್ಕೆವು. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನನಗೆ ಅವನು ಹಿಡಿಸಿದ್ದು ಆಗಲೇ.

ವಾಪಸು ಬರುವಾಗ ಅಮ್ಮ ಮೆಲ್ಲನೆ ಕೇಳಿದಳು, "ಬೇಡ ಅಂತ ಹೇಳಿಬಿಡ್ಲಾ?"

"ಯಾಕೆ? ಹುಡುಗ ಚೆನ್ನಾಗಿದ್ದಾನೆ. ವಾದ ಮಾತ್ರ ತಪ್ಪು."

ಸೋಮವಾರ ಬಾಸ್‌ಗೆ ಎಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಪನಿಯ ವಕೀಲರು ನಗಲಿಲ್ಲ. ವ್ಯಾಜ್ಯ ಮುಗಿಯುವವರೆಗೆ ಭೇಟಿ, ಫೋನು, ಮೆಸೇಜು ಯಾವುದೂ ಕೂಡದು ಎಂದರು. ಅವನಿಗೂ ಅಲ್ಲಿ ಅದೇ ಅಪ್ಪಣೆಯಾಯಿತು. ಆಮೇಲೆ ಸುದ್ದಿಯೆಲ್ಲ ಅಮ್ಮಂದಿರ ಮೂಲಕವೇ. "ಅವನಿಗೆ ನೆಗಡಿಯಂತೆ" ಎಂದು ಹೇಳಿ ಅಮ್ಮ ಸುತ್ತ ನೋಡುತ್ತಿದ್ದಳು. "ಇದನ್ನ ಹೇಳಬಹುದು ತಾನೆ? ಕೇಸಿಗೆ ಸಂಬಂಧ ಇಲ್ವಲ್ಲ?"

ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ಸೂರತ್ತಿನ ಚಾರ್ಜರ್ ತಯಾರಕರೊಬ್ಬರು ಎರಡೂ ಕಂಪನಿಗಳನ್ನು ಒಂದೇ ದಿನ ಕರೆಸಿದರು. ಚಿಪ್‌ಗಳನ್ನು ನಮ್ಮೆದುರಿಗೇ ಪರೀಕ್ಷಿಸುವುದು ಅವರ ಷರತ್ತು. ಮೇಜಿನ ಆಚೆ ಬದಿಗೆ ಅವನು, ಈಚೆ ನಾನು, ಪಕ್ಕದಲ್ಲಿ ವಕೀಲರು. "ನಮಸ್ಕಾರ" ಎಂದೆವು, ಅಷ್ಟೇ.

ಚಿಪ್‌ಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಶಾಖ ಏರಿಸಿದರು. ಅವನ ಕಂಪನಿಯ ಚಿಪ್ ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗಿ ಆನ್ ಆಗತೊಡಗಿತು. ನಮ್ಮದು ಅಲುಗಾಡಲಿಲ್ಲ, ಬಿಸಿ ತಾಳುವ ವಿಧಾನ ನಮ್ಮ ಸ್ವಂತದ್ದು, ಪೇಟೆಂಟ್ ಆದದ್ದು. ನಾನು ಬೀಗುತ್ತಿರುವಾಗ ಅವನು ಎದ್ದು, "ಅಳತೆ ಇಷ್ಟು ಕರೆಕ್ಟಾಗಿ ಬರ್ತಿರೋದು ಯಾರ ಸರ್ಕ್ಯೂಟಿಂದ ಅಂತಲೂ ಬರ್ಕೊಳ್ಳಿ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಅದೂ ನಿಜವೇ. ಹೌದು ಎಂದು ತಲೆಯಾಡಿಸಿದೆ. ವಕೀಲರು ಕೆಮ್ಮಿದರು.

ಚಾರ್ಜರ್ ತಯಾರಕರು ಕೈ ಜೋಡಿಸಿದರು. "ಭಾಯ್, ಬೆಹೆನ್, ಕೋರ್ಟಿಗೆ ಆಮೇಲೆ ಹೋಗಿ. ನನಗೆ ಬೇಕಾದ್ದು ಎರಡೂ ಗುಣ ಇರೋ, ತಕರಾರಿಲ್ಲದ ಚಿಪ್. ಅಲ್ಲೀತನಕ ಯಾರಿಗೂ ಆರ್ಡರ್ ಇಲ್ಲ."

ಇಬ್ಬರ ಬಾಸ್‌ಗಳೂ ಒಳಗಿನ ಕೋಣೆಗೆ ಹೋದರು. ಚಹಾ ಎರಡು ಸಲ ಒಳಗೆ ಹೋಯಿತು. ಹೊರಬಂದಾಗ ಕೊಡು-ಕೊಳ್ಳುವ ಮಾತಾಗಿತ್ತು: ಅವರ ಸರ್ಕ್ಯೂಟನ್ನು ನಾವು ಚಾರ್ಜರಿಗೂ ಬಳಸಬಹುದು, ಬಿಸಿ ತಾಳುವ ನಮ್ಮ ವಿಧಾನವನ್ನು ಅವರು ಬಳಸಬಹುದು.

ಒಪ್ಪಂದಕ್ಕೆ ಸಹಿ ಬಿದ್ದ ಮಧ್ಯಾಹ್ನವೇ ಅವನು ವಡೋದರಾದಿಂದ ರೈಲು ಹತ್ತಿ, ಆಟೋ ಹಿಡಿದು ನವರಂಗಪುರದ ನಮ್ಮ ಆಫೀಸಿನ ಕೆಳಗೆ ಬಂದು ನಿಂತ. ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು.

"ನಾನು ಫೋನ್ ಮಾಡಬಹುದಿತ್ತು," ಎಂದ. "ತಡೆಯಕ್ಕಾಗಲಿಲ್ಲ."

ಮದುವೆಯಲ್ಲಿ ಎರಡೂ ಕಂಪನಿಯವರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರು. ಅತ್ತೆ ಹೋಳಿಗೆಗೆ ತುಪ್ಪ ಬಡಿಸಿಕೊಂಡು ಬರುವಾಗ, ಮುಂದಿನ ಆರ್ಡರ್ ಯಾರಿಗೆ ಸಿಗಬೇಕೆಂದು ಬಾಸ್‌ಗಳಿಬ್ಬರೂ ಆಗಲೇ ಜೋರಾಗಿ ವಾದ ಹೂಡಿದ್ದರು.