ಸುಮ್ಮನೆ ಕೂರುವ ತರಗತಿ

ಕಣ್ಣು ಮುಚ್ಚಿ ಐದು ನಿಮಿಷ ಸುಮ್ಮನೆ ಕೂರುವುದು ನನ್ನಿಂದ ಆಗದ ಕೆಲಸ. ಮೊದಲನೆಯ ನಿಮಿಷದಲ್ಲಿ ಮೂಗು ತುರಿಸುತ್ತದೆ. ಎರಡನೆಯದರಲ್ಲಿ ಮನೆಯ ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಮೂರನೆಯದರಲ್ಲಿ ನಿದ್ದೆ. ಇಂಥ ನಾನು ಎರಡು ವರ್ಷ ಕೊಡಗಿನ ಒಂದು ಕಾಲೇಜಿನಲ್ಲಿ ಧ್ಯಾನದ ಉಸ್ತುವಾರಿ ನೋಡಿಕೊಂಡಿದ್ದೆ. ಈ ಮಾತು ಬಂದಾಗಲೆಲ್ಲ ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಾಳೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ನಾನು ಮೈಸೂರಿನಿಂದ ತರ್ಕಶಾಸ್ತ್ರ, ಮನಶ್ಶಾಸ್ತ್ರ ಹೇಳಿಕೊಡಲು ಅಲ್ಲಿಗೆ ಬಂದಿದ್ದೆ. ನಮ್ಮ ಪ್ರಿನ್ಸಿಪಾಲರು ರಜೆಯಲ್ಲಿ ಎಲ್ಲಿಯೋ ಅಧ್ಯಾಪಕರ ಸಮ್ಮೇಳನಕ್ಕೆ ಹೋಗಿ, ಬರುವಾಗ ಒಂದು ಯೋಚನೆಯನ್ನು ಹೊತ್ತು ತಂದರು. ಹುಡುಗರ ತಲೆಗೆ ವಿದ್ಯೆ ತುಂಬುತ್ತೇವೆ, ಮನಸ್ಸಿನ ಆರೋಗ್ಯ ಯಾರು ನೋಡುತ್ತಾರೆ ಎಂದು ಕೇಳಿದರು. ಒಂದು ವಾರದಲ್ಲಿ ವಿದ್ಯಾರ್ಥಿ ಕ್ಷೇಮ ಸಮಿತಿ ಹುಟ್ಟಿತು. ಬುಧವಾರ ಡಾಕ್ಟರಿಂದ ಆರೋಗ್ಯದ ಉಪನ್ಯಾಸ, ಶನಿವಾರ ಗುಡ್ಡ ಹತ್ತುವುದು, ಪ್ರತಿದಿನ ಬೆಳಿಗ್ಗೆ ಪಾಠಕ್ಕೆ ಮೊದಲು ಹದಿನೈದು ನಿಮಿಷ ಎಲ್ಲರೂ ಕಾಲೇಜಿನ ದೊಡ್ಡ ಹಾಲಿನಲ್ಲಿ ಕುಳಿತು ಮೌನಧ್ಯಾನ. ಮೊದಲೆರಡನ್ನು ಚುರುಕಾದವರು ಹಂಚಿಕೊಂಡರು. ಮೂರನೆಯದು ನನಗೆ ಬಂತು. ಮನಶ್ಶಾಸ್ತ್ರ ಓದಿದವನಿಗೆ ಮನಸ್ಸಿನ ವಿಷಯ ಗೊತ್ತಿರುತ್ತದೆ ಎಂಬುದು ಪ್ರಿನ್ಸಿಪಾಲರ ನಂಬಿಕೆ. ಭೂಗೋಳ ಓದಿದವನು ದಾರಿ ತಪ್ಪುವುದಿಲ್ಲ ಎಂದ ಹಾಗೆ.

ಒಪ್ಪಿಕೊಂಡ ಮೇಲೆ ತಯಾರಿ ಬೇಕಲ್ಲ, ನಾಲ್ಕಾರು ಪುಸ್ತಕ ತಿರುವಿದೆ. ಮುನಿಯ ಭಾವವೇ ಮೌನ ಎಂದು ಸಂಸ್ಕೃತದ ಪಂಡಿತರು ಹೇಳುತ್ತಾರೆ. ಕನ್ನಡದಲ್ಲಿ ಮುನಿ ಎಂದರೆ ಕೋಪಿಸಿಕೊ ಎಂದೂ ಆಗುತ್ತದೆ, ಮುನಿಸು ಬಂದದ್ದು ಅಲ್ಲಿಂದ. ಸಂಸಾರಿಗಳಾದ ನಮಗೆಲ್ಲ ಪರಿಚಯವಿರುವುದು ಈ ಎರಡನೆಯ ಜಾತಿಯ ಮೌನ. ಅದರಲ್ಲಿ ನನಗೆ ಸಾಕಷ್ಟು ಅನುಭವವಿತ್ತು. ಮೊದಲನೆಯದರಲ್ಲಿ ನಾನೂ ಹೊಸ ವಿದ್ಯಾರ್ಥಿಯೇ.

ಒಂದು ಅನುಕೂಲವನ್ನು ಮಾತ್ರ ಹೇಳಬೇಕು. ನಮ್ಮ ಕಾಲೇಜಿನಲ್ಲಿ ಕೊಡವ ಭಾಷೆಯವರು, ಅರೆಭಾಷೆಯವರು, ಮಲಯಾಳ, ತುಳು, ತಮಿಳು, ಉರ್ದು ಮನೆಮಾತಿನವರು ಎಲ್ಲರೂ ಇದ್ದರು. ನನ್ನ ಮೈಸೂರು ಕನ್ನಡ ಕೇಳಿ ಹಿಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಾವ ಭಾಷೆಯಲ್ಲಿ ಪಾಠ ಎಂಬ ತಕರಾರಿಲ್ಲದ ತರಗತಿ ಇದೊಂದೇ.

ಜುಲೈ ಮಳೆಯಲ್ಲಿ ತರಗತಿ ಶುರುವಾಯಿತು. ಹಾಲಿನ ಮರದ ನೆಲಕ್ಕೆ ಜಮಖಾನ ಹಾಸಿ, ಒದ್ದೆ ಕೊಡೆಗಳನ್ನು ಗೋಡೆಗೆ ಒರಗಿಸಿ ಎಲ್ಲರೂ ಕೂತರು. ನಾನು ಎದುರಿಗೆ, ಮಾದರಿಯಾಗಿ. ಮೂರನೆಯ ದಿನವೋ ನಾಲ್ಕನೆಯ ದಿನವೋ ಕಾಲಿನ ಮೇಲೆ ತಣ್ಣಗೆ ಏನೋ ಹರಿದ ಹಾಗಾಯಿತು. ಜಿಗಣೆ. ಅದು ಪಾದದಿಂದ ಮೇಲಕ್ಕೆ ಆರಾಮವಾಗಿ ಜಾಗ ಹುಡುಕಿಕೊಂಡು ಹೊರಟಿತ್ತು. ಮಾದರಿಯಾದವನು ಅಲುಗಾಡಬಾರದೆಂದು ಹಲ್ಲು ಕಚ್ಚಿ ಕೂತೆ. ಮೊಣಕಾಲು ದಾಟಿದಾಗ ತಡೆಯಲಾರದೆ, ಯಾರಿಗೂ ಕಾಣದಂತೆ ತೆಗೆದುಬಿಡೋಣವೆಂದು ಮೆಲ್ಲಗೆ ಕಣ್ಣು ತೆರೆದೆ. ಇಡೀ ಹಾಲ್ ಕಣ್ಣು ಬಿಟ್ಟುಕೊಂಡು ಆ ಜಿಗಣೆಯನ್ನೇ ನೋಡುತ್ತಿತ್ತು. ಅಷ್ಟು ಏಕಾಗ್ರತೆಯನ್ನು ನಾನು ತರ್ಕಶಾಸ್ತ್ರದ ಪಾಠದಲ್ಲಿ ಎಂದೂ ಕಂಡಿರಲಿಲ್ಲ.

ಅಂದಿನಿಂದ ನಾನು ಕಣ್ಣು ತೆರೆದೇ ಕೂರತೊಡಗಿದೆ. ಉಸ್ತುವಾರಿ ಎಂಬ ನೆಪವಿತ್ತು. ಆಗಲೇ ದಮಯಂತಿ ನನ್ನ ಗಮನಕ್ಕೆ ಬಂದದ್ದು. ಭಾಗಮಂಡಲದಿಂದಾಚೆ ಒಂದು ಹಳ್ಳಿಯ ಗೌಡರ ಮನೆಯ ಹುಡುಗಿ. ಕಾಲೇಜಿದ್ದ ಊರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಎರಡನೆಯ ವರ್ಷ ಓದುತ್ತಿದ್ದಳು. ತರ್ಕದಲ್ಲಿ ಜಾಣೆ. ನಾನು ಎರಡು ವಾಕ್ಯ ಹೇಳಿದರೆ ಮೂರನೆಯದನ್ನು ಅವಳೇ ಮುಗಿಸುತ್ತಿದ್ದಳು. ಆದರೆ ಮೌನದ ತರಗತಿಯಲ್ಲಿ ಬಾಗಿಲ ಪಕ್ಕ ಕೂತು, ನಾಲ್ಕೈದು ನಿಮಿಷವಾಗುತ್ತಲೇ ಎದ್ದು ಹೊರಗೆ ಹೋಗಿಬಿಡುವಳು. ಒಂದು ದಿನವಲ್ಲ, ದಿನವೂ. ಎರಡು ಸಲ ಕೇಳಿದೆ. “ತಪ್ಪಾಯ್ತು ಸಾರ್” ಎಂದಳು, ಮರುದಿನ ಮತ್ತೆ ಎದ್ದು ಹೋದಳು. ನಾನು ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹಾಕುತ್ತ ಹೋದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಹೆಸರಿನ ಮುಂದೆ ಬರೀ ಗೈರುಹಾಜರಿಯೇ ಕಾಣುತ್ತಿತ್ತು. ಮೌನಕ್ಕೂ ಪಾಠದಷ್ಟೇ ಹಾಜರಿ ಬೇಕು, ಇಲ್ಲದವರಿಗೆ ಪರೀಕ್ಷೆಗೆ ಅನುಮತಿ ಇಲ್ಲ ಎಂದು ಪ್ರಿನ್ಸಿಪಾಲರು ಆಗಲೇ ಸಾರಿದ್ದರು. ಆಫೀಸಿನಿಂದ ಅವಳ ತಂದೆಗೆ ಕಾಗದ ಹೋಯಿತು. ಕೆಳಗೆ ಸಹಿ ನನ್ನದು.

ತಂದೆ ಬೆಳ್ಯಪ್ಪನವರು ಒಂದು ಮಧ್ಯಾಹ್ನ ಬಂದರು. ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಅಧ್ಯಾಪಕರ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕುರ್ಚಿ ತೋರಿಸಿದರೂ ನಿಂತೇ ಕೇಳಿದರು.

“ಮಾಷ್ಟ್ರೆ, ಇವ್ಳು ಪಾಠಕ್ಕೆ ಬಾದಿಲ್ಲೆನಾ?”

“ಪಾಠಕ್ಕೆ ತಪ್ಪದೆ ಬರ್ತಾಳೆ. ಇದು ಬೇರೆ ತರಗತಿ.”

“ಎಂತ ಹೇಳಿಕೊಡುದು ಅದರ್ಲಿ?”

“ಏನೂ ಹೇಳಿಕೊಡೋದಿಲ್ಲ. ಸುಮ್ಮನೆ ಕೂರೋದು.”

ಸುಮ್ಮನೆ ಕೂರಲಿಲ್ಲವೆಂದು ಮಗಳ ವರ್ಷ ಹಾಳಾಗುವುದು ಬೆಳ್ಯಪ್ಪನವರಿಗೆ ಅರ್ಥವಾಗಲಿಲ್ಲ. ನನ್ನ ಬಾಯಿಂದ ಕೇಳಿದಾಗ ನನಗೂ ಅದು ಅಷ್ಟೇನೂ ಅರ್ಥವಾಗಲಿಲ್ಲ. ದಮಯಂತಿಯನ್ನು ಕರೆಸಿದೆ. ಅವಳು ಬಂದು ಅಪ್ಪನಿಂದ ದೂರಕ್ಕೆ, ಮೇಜಿನ ಆಚೆ ನಿಂತಳು.

“ಏನಮ್ಮ, ನಿಮ್ಮ ತಂದೆ ಇಷ್ಟು ದೂರ ಬಂದಿದ್ದಾರೆ. ಯಾಕೆ ಎದ್ದು ಹೋಗ್ತೀಯ, ಈಗಲಾದರೂ ಹೇಳು.”

ಅವಳು ಅಪ್ಪನ ಕಡೆ ನೋಡಲಿಲ್ಲ. ನನಗೇ ಹೇಳಿದಳು.

“ಕಣ್ಣು ಮುಚ್ಚಿ ಕೂತರೆ ಕಾಯುವ ಹಾಗೆ ಆಗುದು ಸಾರ್. ಅಮ್ಮ ಹೋದ ದಿನ ನಾನು ಹಾಗೇ ಕೂತಿದ್ದೆ.”

ಅವಳು ನಿಧಾನವಾಗಿ, ತರ್ಕದ ಪ್ರಶ್ನೆಗೆ ಉತ್ತರ ಕೊಡುವ ಹಾಗೆ ಒಂದೊಂದೇ ವಾಕ್ಯ ಹೇಳಿದಳು. ಹಿಂದಿನ ವರ್ಷದ ಮಳೆಯಲ್ಲಿ ತಾಯಿ ನಾಟಿಗೆಂದು ಹೊಳೆಯಾಚೆಯ ಗದ್ದೆಗೆ ಹೋಗಿದ್ದರು. ಮಧ್ಯಾಹ್ನ ವಾಪಸು ಬರುವಾಗ ಮರದ ಕಾಲುಸಂಕ ಕೊಚ್ಚಿಹೋಯಿತು, ಅವರೂ ಹೋದರು. ಗಂಡಸರೆಲ್ಲ ಹೊಳೆಯ ದಂಡೆಗುಂಟ ಓಡಿದರು. ನೀನು ಇಲ್ಲೇ ಕೂತಿರು, ಏಳಬೇಡ ಎಂದು ಯಾರೋ ಅವಳನ್ನು ಜಗಲಿಯಲ್ಲಿ ಕೂರಿಸಿದರು. ಅವರ ಕೂಗು ಕೇಳಿಸುತ್ತಿದ್ದಷ್ಟು ಹೊತ್ತು ಹುಡುಕುತ್ತಿದ್ದಾರೆಂದು ಅವಳಿಗೆ ಧೈರ್ಯವಿತ್ತು. ಆಮೇಲೆ ಕೂಗು ನಿಂತಿತು. ಸಂಜೆಯವರೆಗೆ ಕಣ್ಣು ಮುಚ್ಚಿಕೊಂಡು ಕೂತಳು.

“ಹಾಲಿನಲ್ಲಿ ಎಲ್ಲರೂ ಸುಮ್ಮನಾದಾಗ ಅದೇ ನೆನಪಾಗುದು ಸಾರ್. ಯಾರೋ ಬಂದು ಹೇಳ್ತಾರೆ ಅಂತ ಆಗುದು. ಅದಕ್ಕೇ ಏಳುದು.”

ಬೆಳ್ಯಪ್ಪನವರು ಆಗ ಕುರ್ಚಿಯಲ್ಲಿ ಕೂತರು. ಹೊಳೆಯ ದಂಡೆಯಲ್ಲಿ ಓಡಿದವರಲ್ಲಿ ಅವರೂ ಒಬ್ಬರು. ಮನೆಯಲ್ಲಿ ಮಗಳು ಹೇಗೆ ಕಾದಳೆಂದು ಅವರು ಕೇಳಿರಲಿಲ್ಲ. ಹೊಳೆಯಲ್ಲಿ ಏನಾಯಿತೆಂದು ಅವಳೂ ಕೇಳಿರಲಿಲ್ಲ. ಒಂದು ವರ್ಷ ಕಳೆದಿತ್ತು. ಅವರು ಮಗಳ ಕಡೆ ತಿರುಗಿದರು.

“ನಂಗೂ ಹಂಗೇ ಮಗ. ಅದ್ಕೇ ನಾ ಜಗಲೀಲಿ ಕೂರುದಿಲ್ಲೆ.”

ನಾನು ಎದ್ದು ಹೊರಗೆ ಹೋದೆ. ಮನಶ್ಶಾಸ್ತ್ರದ ಪುಸ್ತಕಗಳೆಲ್ಲ ನನ್ನ ಹಿಂದಿನ ಕಪಾಟಿನಲ್ಲೇ ಇದ್ದವು.

ಅಲ್ಲಿಂದ ನೇರವಾಗಿ ಪ್ರಿನ್ಸಿಪಾಲರ ಬಳಿಗೆ ಹೋದೆ. ಅವರು ಒಳ್ಳೆಯವರು, ನಿಯಮವನ್ನು ಮಾತ್ರ ತಾವೇ ಹೆತ್ತ ಕೂಸಿನಂತೆ ನೋಡುವವರು. ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟರು.

“ಪಾಪ. ಆದರೆ ಒಬ್ಬರಿಗೆ ಬಿಟ್ಟರೆ ನಾಳೆ ಅರ್ಧ ಕಾಲೇಜು ಎದ್ದು ಹೋಗುತ್ತೆ. ಆಗ ಏನು ಮಾಡ್ತೀರಿ?”

“ಸಾರ್, ನಿಜ ಹೇಳಬೇಕೆಂದರೆ ನಾನೂ ಧ್ಯಾನ ಮಾಡೋದಿಲ್ಲ. ಕಿಟಕಿಯ ಗಾಜು ಎಣಿಸ್ತಾ ಕೂರ್ತೀನಿ.”

“ಹಾಗಾದರೆ ಮೊದಲು ನಿಮ್ಮ ಹಾಜರಿ ತೆಗೀಬೇಕು” ಎಂದರು. ನಗಲಿಲ್ಲ. ಆಮೇಲೆ, “ಹೊರಗೆ ಹೋಗಿ ಆ ಹುಡುಗಿ ಏನು ಮಾಡ್ತಾಳೆ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಅವಳು ಬಾಗಿಲು ದಾಟುವುದನ್ನು ಗಡಿಯಾರ ನೋಡಿ ಗುರುತು ಹಾಕಿಕೊಂಡಿದ್ದೆನೇ ಹೊರತು ಬಾಗಿಲಿನಾಚೆ ಎಲ್ಲಿಗೆ ಹೋಗುತ್ತಾಳೆಂದು ಒಮ್ಮೆಯೂ ನೋಡಿರಲಿಲ್ಲ. ಇಷ್ಟು ವರ್ಷದ ಮೇಲೂ ಇದನ್ನು ಬರೆಯುವಾಗ ಸಂಕೋಚವಾಗುತ್ತದೆ.

ಮರುದಿನ ಅವಳು ಎದ್ದು ಹೋದ ಮೇಲೆ ನಾನೂ ಎದ್ದೆ. ಹಾಲಿನ ಹಿಂಭಾಗದಲ್ಲಿ ಇಳಿಜಾರು ಜಾಗ. ಹಿಂದೆ ಯಾರದೋ ಬಂಗಲೆಯ ತೋಟವಾಗಿದ್ದಾಗ ನೆಟ್ಟ ಹತ್ತಿಪ್ಪತ್ತು ಕಾಫಿ ಗಿಡಗಳು ಅಲ್ಲಿ ಪಾಳು ಬಿದ್ದುಕೊಂಡಿದ್ದವು. ಪಾಳು ಬಿದ್ದಿವೆ ಎಂದು ನಾನು ತಿಳಿದಿದ್ದೆ ಅಷ್ಟೆ. ಈಗ ನೋಡಿದರೆ ಬುಡದ ಕಳೆ ಕಿತ್ತಿತ್ತು, ಒಣ ರೆಂಬೆಗಳನ್ನು ಮುರಿದು ಒಂದು ಕಡೆ ರಾಶಿ ಹಾಕಿತ್ತು. ದಮಯಂತಿ ಒಂದು ಗಿಡದ ಮುಂದೆ ಬಗ್ಗಿ, ಕಾಂಡದಲ್ಲಿ ಒಡೆದ ಬೇಡದ ಚಿಗುರುಗಳನ್ನು ಬೆರಳಿನಿಂದ ಒಂದೊಂದಾಗಿ ಚಿವುಟುತ್ತಿದ್ದಳು. ಒಂದು ಗಿಡ ಮುಗಿದರೆ ಇನ್ನೊಂದು. ಅವಸರವಿಲ್ಲ. ಸಣ್ಣ ಮಳೆ ಹನಿಯುತ್ತಿದ್ದರೂ ಕೊಡೆ ಬಿಡಿಸಿರಲಿಲ್ಲ. ನಾವು ಒಳಗೆ ಜಮಖಾನದ ಮೇಲೆ ಕೂತು ತರಲು ಹೆಣಗುತ್ತಿದ್ದ ಮುಖ ಅವಳಿಗೆ ತಾನಾಗಿ ಬಂದಿತ್ತು.

ಮೂಲೆಯಲ್ಲಿ ನಿಂತು ನೋಡುತ್ತ ಎಷ್ಟು ಹೊತ್ತಾಯಿತೋ. ಗಂಟೆ ಹೊಡೆದಾಗ ಬೆಚ್ಚಿಬಿದ್ದೆ. ಅಷ್ಟು ಹೊತ್ತು ಹಾಲಿನಲ್ಲಿ ಯಾರ ಉಸ್ತುವಾರಿಯೂ ಇಲ್ಲ. ಓಡಿ ಹೋಗಿ ನೋಡಿದೆ. ಇಬ್ಬರು ನಿದ್ದೆ ಹೋಗಿದ್ದರು. ಉಳಿದವರು ನಾನಿಲ್ಲದ ಸಮಾಧಾನದಲ್ಲಿ ನಿಜವಾಗಿಯೇ ಸುಮ್ಮನೆ ಕೂತಿದ್ದರು.

ತೋಟದಲ್ಲಿ ಕಂಡದ್ದು, ಹಾಲಿನಲ್ಲಿ ಕಂಡದ್ದು ಎರಡನ್ನೂ ಇದ್ದ ಹಾಗೇ ಪ್ರಿನ್ಸಿಪಾಲರಿಗೆ ವರದಿ ಮಾಡಿದೆ. ಅವರೇ ಒಂದು ಬೆಳಿಗ್ಗೆ ಕೊಡೆ ಹಿಡಿದು ಹಿಂದಿನ ಇಳಿಜಾರಿಗೆ ಹೋಗಿ ಬಂದರು. ಸೋಮವಾರ ನೋಟೀಸ್ ಬೋರ್ಡಿನಲ್ಲಿ ಹೊಸ ಆಜ್ಞೆ ಇತ್ತು: ಮೌನದ ಹೊತ್ತಿನಲ್ಲಿ ಕೂರಲಾಗದವರು ಹಿಂದಿನ ತೋಟದಲ್ಲಿ ಮಾತಾಡದೆ ಕೆಲಸ ಮಾಡಬಹುದು, ಅದೂ ಹಾಜರಿಯೇ. ಹಿಂದಿನದನ್ನೂ ಸರಿಪಡಿಸಿಕೊಳ್ಳಿ ಎಂದು ನನಗೆ ಬಾಯಿಮಾತಿನಲ್ಲಿ ಹೇಳಿದರು. ಅರ್ಧ ಕಾಲೇಜು ಎದ್ದು ಹೋಗಲಿಲ್ಲ. ಏಳೆಂಟು ಜನ ಹೋದರು. ಅವರಲ್ಲಿ ಯಾರಿಗೆ ಏನು ನೆನಪಾಗುತ್ತಿತ್ತೋ ನಾನು ಕೇಳಲಿಲ್ಲ. ಒಂದಿಬ್ಬರು ಬರೀ ಕಾಲು ಜೋಮು ಹಿಡಿಯುತ್ತದೆಂದು ಹೋದವರೂ ಇರಬಹುದು.

ಬೇಸಗೆ ಶುರುವಾಗಿ, ಪರೀಕ್ಷೆಗೆ ಕೂರುವವರ ಪಟ್ಟಿ ಬಂದಾಗ ದಮಯಂತಿಯ ಹೆಸರಿತ್ತು. ಅದನ್ನು ನೋಡಲೆಂದೇ ಬೆಳ್ಯಪ್ಪನವರು ಹಿಂದಿನ ದಿನ ಬಂದು ನಾದಿನಿಯ ಮನೆಯಲ್ಲಿ ಉಳಿದುಕೊಂಡಿದ್ದರು. ಬೆಳಿಗ್ಗೆ ಮಗಳ ಜೊತೆಯಲ್ಲಿಯೇ ಕಾಲೇಜಿಗೆ ಬಂದು, ಹಾಲಿನ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು.

“ಮಾಷ್ಟ್ರೆ, ನಾನೊಮ್ಮೆ ಕೂತು ನೋಡುಬಹುದಾ?”

ಒಳಗೆ ಬನ್ನಿ ಎಂದೆ. ಅವರು ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ ಕೂತರು. ದಮಯಂತಿ ತೋಟಕ್ಕೆ ಹೊರಟವಳು ಒಂದು ಕ್ಷಣ ನಿಂತಳು. ಆಮೇಲೆ ಬಂದು ಅಪ್ಪನ ಪಕ್ಕದಲ್ಲಿ ಕೂತಳು. ನಾಲ್ಕು ನಿಮಿಷವಾಯಿತು, ಐದಾಯಿತು. ಅವಳ ಕಣ್ಣು ತೆರೆದೇ ಇತ್ತು. ಎಂಟನೆಯ ನಿಮಿಷಕ್ಕೆ ಬೆಳ್ಯಪ್ಪನವರು ಎದ್ದುಬಿಡುವವರಂತೆ ನೆಲಕ್ಕೆ ಕೈಯೂರಿದರು. ಮಗಳು ಅವರ ತೋಳಿನ ಮೇಲೆ ಕೈ ಇಟ್ಟಳು. ಅವರು ಏಳಲಿಲ್ಲ. ಗಂಟೆ ಹೊಡೆಯುವವರೆಗೂ ಇಬ್ಬರೂ ಕೂತಿದ್ದರು. ಅಂದು ನಾನು ಕಿಟಕಿಯ ಕಡೆ ನೋಡಲಿಲ್ಲ.

ಹೊರಗೆ ಬಂದ ಮೇಲೆ ಬೆಳ್ಯಪ್ಪನವರು ಚಪ್ಪಲಿ ಮೆಟ್ಟಿಕೊಳ್ಳುತ್ತ, “ತೊಂದ್ರೆ ಇಲ್ಲೆ ಮಾಷ್ಟ್ರೆ. ಪಕ್ಕಕ್ಕೆ ಜನ ಇದ್ದರೆ ಕೂರುಬಹುದು” ಎಂದರು.

ಧ್ಯಾನ ಮಾಡುವವನು ಏಕಾಂತವಾದ ಜಾಗ ಹುಡುಕಬೇಕೆಂದು ನಾನು ತಿರುವಿದ ಪುಸ್ತಕಗಳಲ್ಲೆಲ್ಲ ಬರೆದಿತ್ತು. ಬರೆದವರು ಬಹಳ ದೊಡ್ಡವರು, ಅವರೊಡನೆ ವಾದಿಸುವ ಯೋಗ್ಯತೆ ನನ್ನದಲ್ಲ. ಆದರೂ ಯಾರಾದರೂ ಈ ವಿಷಯದಲ್ಲಿ ನನ್ನ ಸಲಹೆ ಕೇಳಿದರೆ, ಮೊದಮೊದಲು ಒಬ್ಬರೇ ಕೂರಬೇಡಿ, ನಿಮ್ಮವರು ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ ಎನ್ನುತ್ತೇನೆ.